ಶರಾವತಿ ಹಿನ್ನೀರಿನ ದಡದಲ್ಲಿ ಟೆಂಟ್ ಹಾಕುವ ಮುಂಚೆ

[ದೃಶ್ಯ: ಹೊನ್ನೆಮರಡು. ನೀರಿನಿಂದ ಮೇಲೆ ಕಾಣುವ ಒಣಮರದ ಬೊಡ್ಡೆಗಳು, ಹಿಂದೆ ದ್ವೀಪ]

ಎಲ್ಲರಿಗೂ ನಮಸ್ಕಾರ. ನೀರಿನ ದಡದಲ್ಲಿ ಟೆಂಟ್ ಹಾಕಿ ಮಲಗಬೇಕು ಅನ್ನುವವರು ಮೊದಲು ಕೇಳುವುದು "ಯಾವ ಟೆಂಟ್ ತಗೊಳ್ಳಲಿ?" ಅಂತ. ನನ್ನ ಪ್ರಕಾರ ಮೊದಲು ಕೇಳಬೇಕಾದ್ದು, ಎಲ್ಲಿ ಹಾಕಲಿ? ಜಾಗ ಸರಿಯಾಗಿದ್ದರೆ ಸಾಧಾರಣ ಟೆಂಟಲ್ಲೂ ಒಳ್ಳೆ ನಿದ್ದೆ ಬರುತ್ತದೆ. ಜಾಗ ತಪ್ಪಿದರೆ ಎಷ್ಟು ದುಡ್ಡು ಸುರಿದರೂ ಅಷ್ಟೇ. ಸಾಗರ ತಾಲೂಕಿನ ಹೊನ್ನೆಮರಡನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಮಾತಾಡೋಣ.

ಈ ಹಿನ್ನೀರು ನಿಂತದ್ದು ಶರಾವತಿಗೆ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟಿನಿಂದ, ಅದು ಮುಗಿದದ್ದು 1964ರಲ್ಲಿ. ಆಗ ಊರು, ಗದ್ದೆ, ತೋಟ, ಕಾಡು ಎಲ್ಲ ಮುಳುಗಿದವು. ಇಲ್ಲಿಯ ಜನ ಇವತ್ತಿಗೂ 'ಮುಳುಗಡೆ' ಅಂತಲೇ ಆ ಕಾಲವನ್ನು ನೆನೆಯುತ್ತಾರೆ. ನಾವು ಫೋಟೋ ತೆಗೆಯುವ ನೀರಿನ ಕೆಳಗೆ ಯಾರದ್ದೋ ಅಂಗಳ ಇದೆ. ಅಲ್ಲಿ ಜೋರಾಗಿ ಸ್ಪೀಕರ್ ಹಾಕುವ ಮುಂಚೆ ಇದೊಂದು ನೆನಪಿರಲಿ.

ಮುಳುಗಿದ ಮರಗಳ ಬೊಡ್ಡೆಗಳು ಇನ್ನೂ ನೀರೊಳಗೆ ನಿಂತಿವೆ. ಕೆಲವು ಕಾಣುತ್ತವೆ, ಕೆಲವು ಒಂದಡಿ ಕೆಳಗೆ ಇರುತ್ತವೆ, ಕಾಣುವುದಿಲ್ಲ. ಹಾಗಾಗಿ ಮೇಲಿಂದ ಧುಮುಕುವ ಮಾತೇ ಬೇಡ. ಈಜು ಎಷ್ಟೇ ಚೆನ್ನಾಗಿ ಬರಲಿ, ಲೈಫ್ ಜಾಕೆಟ್ ಹಾಕದೆ ನೀರಿಗೆ ಇಳಿಯಬೇಡಿ. ಕತ್ತಲಾದ ಮೇಲಂತೂ ಇಳಿಯಲೇಬೇಡಿ.

[ದೃಶ್ಯ: ದಡದ ಕೆಂಪು ಮಣ್ಣು, ನೀರು ಇಳಿದ ಗೆರೆಗಳು ಹತ್ತಿರದಿಂದ]

ಈ ಗೆರೆಗಳನ್ನು ನೋಡಿ, ಮೆಟ್ಟಿಲು ಮೆಟ್ಟಿಲಾಗಿ ಇವೆ ಅಲ್ವಾ? ಜಲಾಶಯ ಪೂರ್ತಿ ತುಂಬಿದರೆ ನೀರಿನ ಮಟ್ಟ ಸಮುದ್ರಮಟ್ಟದಿಂದ 1819 ಅಡಿ. ಮಳೆಗಾಲ ಮುಗಿದ ಮೇಲೆ ಕರೆಂಟಿಗಾಗಿ ನೀರು ಬಿಡುತ್ತಾ ಹೋಗುತ್ತಾರೆ, ಬೇಸಿಗೆ ಹೊತ್ತಿಗೆ ದಡ ತುಂಬಾ ಕೆಳಗೆ ಸರಿದಿರುತ್ತದೆ. ಮೇಲ್ಪದರ ಒಣಗಿ ಗಟ್ಟಿಯಾಗಿ ಕಾಣುತ್ತದೆ, ಹಿಮ್ಮಡಿಯಿಂದ ಒತ್ತಿ ನೋಡಿದರೆ ಒಳಗೆ ಕೆಸರು. ಅಲ್ಲಿ ಗೂಟ ಹೊಡೆದರೆ ಸಲೀಸಾಗಿ ಇಳಿಯುತ್ತದೆ. ಗಾಳಿ ಬಂದರೆ ಅಷ್ಟೇ ಸಲೀಸಾಗಿ ಕಿತ್ತು ಬರುತ್ತದೆ.

ಆದ್ದರಿಂದ ನೀರಿನಂಚಿಗೆ ಟೆಂಟ್ ಬೇಡ. ಬೆಳಿಗ್ಗೆ ಜಿಪ್ ತೆಗೆದ ತಕ್ಷಣ ನೀರು ಕಾಣಬೇಕು ಅಂತ ಆಸೆ ಇರುತ್ತದೆ, ಗೊತ್ತು. ಸ್ವಲ್ಪ ದಿಬ್ಬ ಹತ್ತಿ ಹಾಕಿದರೂ ನೀರು ಕಾಣುತ್ತದೆ. ರಾತ್ರಿ ತಣ್ಣನೆ ಗಾಳಿ ಇಳಿದು ತಗ್ಗಿನಲ್ಲಿ ನಿಲ್ಲುತ್ತದೆ, ಅದಕ್ಕೇ ನೀರಿನ ಪಕ್ಕ ಚಳಿಯೂ ಜಾಸ್ತಿ, ಇಬ್ಬನಿಯೂ ಜಾಸ್ತಿ. ಟೆಂಟ್ ಬಿಚ್ಚುವ ಮುಂಚೆ ಆ ಜಾಗದಲ್ಲಿ ತಾಡಪಾಲು ಹಾಸಿ ಎರಡು ನಿಮಿಷ ಮಲಗಿ. ಬೆನ್ನಿಗೆ ಚುಚ್ಚುವ ಬೇರು, ಕಲ್ಲು ಆಗಲೇ ಗೊತ್ತಾಗುತ್ತದೆ. ಇಳಿಜಾರು ಎತ್ತ ಇದೆ ಅನ್ನುವುದೂ ತಿಳಿಯುತ್ತದೆ. ತಲೆ ಯಾವಾಗಲೂ ಎತ್ತರದ ಕಡೆಗಿರಲಿ. ತಲೆ ಮೇಲೆ ಒಣಕೊಂಬೆ ಇದೆಯಾ ಅಂತಲೂ ನೋಡಿಕೊಳ್ಳಿ.

ಇನ್ನೊಂದು ಮಾತು. ಖಾಲಿ ದಡ ಕಂಡಲ್ಲೆಲ್ಲ ಟೆಂಟ್ ಹಾಕುವಂತಿಲ್ಲ. ಹಿನ್ನೀರಿನ ಸುತ್ತ ಸಾಕಷ್ಟು ಭಾಗ ಅಭಯಾರಣ್ಯ. ಅಲ್ಲಿ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ರಾತ್ರಿ ಉಳಿಯುವುದು ಅಪರಾಧ. ಅನುಮತಿ ಇರುವ ಕ್ಯಾಂಪನ್ನೇ ಕೇಳಿ ತಿಳಿದು, ಮೊದಲೇ ಮಾತಾಡಿಕೊಂಡು ಹೋಗಿ.

[ದೃಶ್ಯ: ಟೆಂಟ್ ಹಾಕುವುದು. ಗೂಟದ ಕ್ಲೋಸಪ್]

ಗೂಟ ನೆಟ್ಟಗೆ ಹೊಡೆಯಬೇಡಿ. ಗೂಟದ ತಲೆ ಟೆಂಟಿನಿಂದ ಆಚೆಗೆ ವಾಲಿರಬೇಕು, ಹಗ್ಗ ಎಳೆದಷ್ಟೂ ಅದು ಹಿಡಿದುಕೊಳ್ಳುತ್ತದೆ. ಕೆಳಗೆ ಹಾಸುವ ತಾಡಪಾಲು ಟೆಂಟಿನ ತಳಕ್ಕಿಂತ ಸ್ವಲ್ಪ ಚಿಕ್ಕದಿರಲಿ. ದೊಡ್ಡದಾಗಿ ಹೊರಗೆ ಚಾಚಿಕೊಂಡಿದ್ದರೆ ಮೇಲಿಂದ ಸುರಿದ ನೀರೆಲ್ಲ ಅದರ ಮೇಲೆ ಬಿದ್ದು ನೇರ ನಿಮ್ಮ ಬೆನ್ನ ಕೆಳಗೆ ಬರುತ್ತದೆ.

ಬೆಳಿಗ್ಗೆ ಒಳಗೆಲ್ಲ ಹನಿ ಹನಿ ಕಂಡರೆ "ಟೆಂಟ್ ಸೋರುತ್ತೆ" ಅಂತ ಬೈಯುವವರು ಬಹಳ. ಹೆಚ್ಚಿನ ಸಲ ಅದು ನಮ್ಮದೇ ಉಸಿರು. ಉಸಿರಿನ ತೇವ ತಣ್ಣನೆ ಬಟ್ಟೆಗೆ ತಾಗಿ ನೀರಾಗುತ್ತದೆ. ಚಳಿ ಅಂತ ಎಲ್ಲ ಕಿಂಡಿ ಮುಚ್ಚಿದರೆ ಇನ್ನೂ ಜಾಸ್ತಿ. ಮೇಲಿನ ಕಿಂಡಿ ತೆಗೆದೇ ಇಡಿ. ಮಳೆಗೆ ಹಾಕುವ ಹೊರಹೊದಿಕೆಯನ್ನು ಬಿಗಿಯಾಗಿ ಎಳೆದು ಕಟ್ಟಿ, ಅದು ಒಳಗಿನ ಬಟ್ಟೆಗೆ ತಾಗಬಾರದು. ಹೊಸ ಟೆಂಟ್ ತಂದವರು ಮನೆ ಟೆರೇಸ್ ಮೇಲೆ ಒಮ್ಮೆ ಹಾಕಿ ಬಿಚ್ಚಿ ನೋಡಿ. ಕತ್ತಲಲ್ಲಿ ಟಾರ್ಚ್ ಹಿಡಿದು ಯಾವ ಕೋಲು ಎಲ್ಲಿಗೆ ಅಂತ ಹುಡುಕುವುದು ಯಾರಿಗೂ ಬೇಡ.

ದುಡ್ಡು ಖರ್ಚು ಮಾಡಬೇಕಾದ್ದು ಸ್ಲೀಪಿಂಗ್ ಬ್ಯಾಗಿನ ಅಡಿಗೆ ಹಾಸುವ ಮ್ಯಾಟಿಗೆ. ಮೈಯ ಬಿಸಿಯನ್ನು ಹೆಚ್ಚು ಎಳೆದುಕೊಳ್ಳುವುದು ನೆಲ, ನಮ್ಮ ಭಾರಕ್ಕೆ ಅಡಿಯಲ್ಲಿ ಒತ್ತಿ ಚಪ್ಪಟೆಯಾದ ಸ್ಲೀಪಿಂಗ್ ಬ್ಯಾಗ್ ಅದನ್ನು ತಡೆಯುವುದಿಲ್ಲ. ಬ್ಯಾಗ್ ಕೊಳ್ಳುವಾಗ 'ಕಂಫರ್ಟ್' ಅಂತ ಬರೆದ ಡಿಗ್ರಿ ನೋಡಿ. 'ಎಕ್ಸ್‌ಟ್ರೀಮ್' ಅನ್ನುವುದು ಪ್ರಾಣ ಉಳಿಸಿಕೊಳ್ಳುವ ಲೆಕ್ಕ, ನಿದ್ದೆಯ ಲೆಕ್ಕ ಅಲ್ಲ.

ಟೆಂಟಿನೊಳಗೆ ಸ್ಟೌ ಹಚ್ಚಬೇಡಿ, ಇದ್ದಿಲ ಕೆಂಡವನ್ನೂ ಒಳಗೆ ತರಬೇಡಿ. ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ, ಮಲಗಿದವರು ಏಳುವುದೇ ಇಲ್ಲ. ಬೆಂಗಳೂರಿನಿಂದ ತಾಳಗುಪ್ಪದ ರಾತ್ರಿ ರೈಲಿಗೆ ಬರುವವರು ಗ್ಯಾಸ್ ಕ್ಯಾನ್ ತರುವಂತಿಲ್ಲ, ರೈಲಿನಲ್ಲಿ ಅದಕ್ಕೆ ನಿಷೇಧ ಇದೆ. ಒಂದು ರಾತ್ರಿಗೆ ಅವಲಕ್ಕಿ, ಚಪಾತಿ, ಚಟ್ನಿಪುಡಿ ಸಾಕಲ್ಲ?

[ದೃಶ್ಯ: ಕಾಡಿನ ಅಂಚಿನ ಒಣ ತರಗೆಲೆ]

ಈಗ ಹೇಳುವುದನ್ನು ದಯವಿಟ್ಟು ಸ್ಕಿಪ್ ಮಾಡಬೇಡಿ. ಮಂಗನ ಕಾಯಿಲೆಯ ವೈರಸ್ ಮೊದಲು ಪತ್ತೆಯಾದದ್ದು 1957ರಲ್ಲಿ, ಇದೇ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. 2019ರಲ್ಲಿ ಸಾಗರ ತಾಲೂಕಿನ ಅರಳಗೋಡಿನಲ್ಲಿ ಹಲವರು ಇದರಿಂದ ತೀರಿಕೊಂಡರು. ಹರಡುವುದು ಉಣುಗಿನಿಂದ, ಅಂದರೆ ಒಣ ತರಗೆಲೆಯಲ್ಲಿರುವ, ರಕ್ತ ಹೀರುವ ಸಣ್ಣ ಹುಳದಿಂದ. ಡಿಸೆಂಬರಿನಿಂದ ಮೇವರೆಗೆ ಇದರ ಕಾಟ ಹೆಚ್ಚು. ನಾವು ಟೆಂಟ್ ಹೊತ್ತು ಬರುವ ತಿಂಗಳುಗಳೂ ಅವೇ.

ಆದ್ದರಿಂದ ತರಗೆಲೆ ಮೇಲೆ ಟೆಂಟ್ ಹಾಕಬೇಡಿ, ಸುಮ್ನೆ ಕೂರಲೂ ಬೇಡಿ. ತುಂಬುತೋಳಿನ ಬಟ್ಟೆ ಹಾಕಿ, ಪ್ಯಾಂಟಿನ ಅಂಚನ್ನು ಸಾಕ್ಸ್ ಒಳಗೆ ಸೇರಿಸಿ. ಮರಿ ಉಣುಗು ಎಳ್ಳಿಗಿಂತ ಚಿಕ್ಕದು, ಸುಲಭಕ್ಕೆ ಕಣ್ಣಿಗೆ ಬೀಳುವುದಿಲ್ಲ. ಉಣುಗು ಹತ್ತದಂತೆ ಆರೋಗ್ಯ ಇಲಾಖೆಯವರು ಊರಿನವರಿಗೆ ಹಂಚುವ ಡೆಪಾ ಎಣ್ಣೆ ಸಿಕ್ಕರೆ ಕೈಕಾಲಿಗೆ ಹಚ್ಚಿಕೊಳ್ಳಿ. ಹೊರಡುವ ಮುಂಚೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಕ್ಯಾಂಪಿನವರಿಗೋ ಫೋನ್ ಮಾಡಿ ಈ ಸಲ ಆ ಕಡೆ ಕೇಸ್ ಇದೆಯಾ ಕೇಳಿ. ಇದ್ದರೆ ಆ ಜಾಗ ಬಿಡಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಊರಿನ ಆಶಾ ಕಾರ್ಯಕರ್ತೆಗೆ ತಿಳಿಸಿ.

ಮನೆಗೆ ಬಂದ ಮೇಲೆ ಬಿಸಿನೀರಲ್ಲಿ ಸ್ನಾನ ಮಾಡಿ, ಬಟ್ಟೆಯನ್ನೂ ಬಿಸಿನೀರಲ್ಲೇ ಒಗೆಯಿರಿ. ಟೆಂಟನ್ನು ಬಿಸಿಲಲ್ಲಿ ಪೂರ್ತಿ ಒಣಗಿಸಿ ಮಡಚಿಡಿ. ಮುಂದಿನ ಒಂದೆರಡು ವಾರದಲ್ಲಿ ಜ್ವರ, ಜೋರು ತಲೆನೋವು, ಮೈಕೈ ನೋವು ಬಂದರೆ ಮಾತ್ರೆ ನುಂಗಿ ಮಲಗಬೇಡಿ. ಡಾಕ್ಟರ ಹತ್ತಿರ ಹೋಗಿ, ಮಲೆನಾಡಿನ ಕಾಡಂಚಿನಲ್ಲಿ ಟೆಂಟ್ ಹಾಕಿ ಮಲಗಿದ್ದೆ ಅನ್ನುವುದನ್ನು ಅವರು ಕೇಳುವ ಮುಂಚೆ ನೀವೇ ಹೇಳಿ.