ಇಂಗ್ಲಿಷ್ ಮಾತಿನಾಗೂ ಸಂಧಿ ಐತಿ: ಲಿಸನಿಂಗ್ ಟೆಸ್ಟಿಗೆ ತಯಾರಿ ಹೆಂಗ ಮಾಡೋದು

ನಮಸ್ಕಾರ್ರಿ ಎಲ್ಲಾರ್ಗೂ. ಇವತ್ತಿನ ವಿಡಿಯೋ ಯಾರಿಗಂದ್ರ, ಪಿಯುಸಿ ತನಕ ಕನ್ನಡ ಮೀಡಿಯಂನಾಗ ಓದಿ ಈಗ ಬಳ್ಳಾರಿಗೋ ಕೊಪ್ಪಳಕ್ಕೋ ರಾಯಚೂರಿಗೋ ಡಿಗ್ರಿಗೆ, ಪಿಜಿಗೆ ಬಂದಾರಲ್ಲ, ಅವ್ರಿಗೆ. ಇಂಗ್ಲಿಷ್ ಓದಿದ್ರ ತಿಳೀತೈತಿ, ಗ್ರಾಮರ್ ಪೇಪರ್ ಬರೀತೀರಿ, ಮಾರ್ಕ್ಸೂ ಬರತಾವ, ಆದ್ರ ಲ್ಯಾಬಿನಾಗ ಹೆಡ್‌ಫೋನ್ ಹಾಕ್ಕೊಂಡು ಆಡಿಯೋ ಶುರುವಾದ ಕೂಡ್ಲೆ ಎಲ್ಲಾ ಮಾತು ಒಂದಾಕ್ಕೊಂದು ಅಂಟಿಕೊಂಡು ನೀರು ಹರದಂಗ ಹರಕೊಂಡು ಹೋಗಿಬಿಡತೈತಿ. ಹೌದಲ್ರಿ?

ನನಗೂ ಹಂಗ ಆಗಿತ್ತು. ನಾನು ಗಂಗಾವತಿ ಕಡಿಯಾವ, ಡಿಗ್ರಿ ಮೊದಲನೇ ವರ್ಷ ದಿನಾ ಕಂಪ್ಲಿ, ಕುರುಗೋಡು ಮ್ಯಾಲೆ ಬಸ್ಸಿಗೆ ಬಳ್ಳಾರಿಗೆ ಓಡಾಡತಿದ್ದೆ. ಮೊದಲ ಲಿಸನಿಂಗ್ ಟೆಸ್ಟಿನಾಗ ಮೂರನೇ ಪ್ರಶ್ನೆ, ಮೀಟಿಂಗ್ ಎಷ್ಟೊತ್ತು ನಡೀತೈತಿ ಅಂತ. ಆಡಿಯೋದಾಗ ನನಗ ಕೇಳಿಸಿದ್ದು "ಹಾಫನವರ್". ನಮ್ಮ ಕಡಿ ಎಷ್ಟು ಅಡ್ಡಹೆಸರು "ನವರ" ಅಂತ ಮುಗೀತಾವಲ್ರಿ, ಹಂಗಾಗಿ ನನಗ ಅದು ಯಾರದೋ ಹೆಸರು ಅನಿಸ್ತು. ಪ್ರಶ್ನೆ ಟೈಮ್ ಕೇಳಾಕತ್ತೈತಿ, ಉತ್ತರ ಹೆಸರು ಬಂದೈತಿ, ಹೆಂಗ ಇದು ಅಂತ ಯೋಚನೆ ಮಾಡಕೋಂತ ಕುಂತೆ, ತಲಿ ಎತ್ತಿ ನೋಡೋದ್ರಾಗ ಆಡಿಯೋ ಏಳನೇ ಪ್ರಶ್ನೆಗೆ ಹೋಗಿತ್ತು. ಅದು "ಹಾಫ್ ಆನ್ ಅವರ್". ಅರ್ಧ ತಾಸು. ಮೂರೂ ಪದ ನನಗ ಐದನೇ ಕ್ಲಾಸಿನಿಂದ ಗೊತ್ತಿದ್ವು.

ಇದನ್ನ ನೀವು ಸರಿಯಾಗಿ ತಿಳ್ಕೊಂಡ್ರ ಅರ್ಧ ಕೆಲಸ ಆದಂಗ. ನಮಗ ವೊಕ್ಯಾಬುಲರಿ ಕಮ್ಮಿ ಐತಿ ಅಂತ ಎಲ್ಲಾರೂ ಹೇಳ್ತಾರ, ನಾವೂ ನಂಬಿ ದಿನಾ ಇಪ್ಪತ್ತು ಹೊಸ ಪದ ಬಾಯಿಪಾಠ ಮಾಡ್ತೀವಿ, ಆದ್ರ ಟೆಸ್ಟಿನಾಗ ಕೈ ಕೊಡೋವು ಬಹಳ ಸಲ ಗೊತ್ತಿರೋ ಪದಗಳ. ಬೋರ್ಡ್ ಮ್ಯಾಲ ಒಂದೊಂದು ಪದದ ನಡುವ ಜಾಗ ಬಿಟ್ಟು ಬರ್ದಿದ್ದನ್ನ ಕಣ್ಣಿಲೆ ಕಲ್ತಿರ್ತೀವಿ, ಮಾತಾಡೋರು ಆ ಜಾಗ ಬಿಡಂಗಿಲ್ಲ.

ನಮ್ಮ ಮಾತನ್ನ ತಗೋರಿ. ಪುಸ್ತಕದಾಗ ಕನ್ನಡ ಕಲ್ತಿರೋ ಹೊರಗಿನಾವ ಒಬ್ಬ ಗಂಗಾವತಿ ಬಸ್ ಸ್ಟ್ಯಾಂಡಿನಾಗ ಇಳಿದ ಅನ್ಕೊಳ್ರಿ. ಅವ ಕಲ್ತಿದ್ದು "ಏನು ಮಾಡುತ್ತಿದ್ದೀಯ". ನಾವು ಕೇಳೋದು "ಏನ್ಮಾಡಾಕತ್ತೀ". "ಮಾಡಲಿಕ್ಕೆ ಹತ್ತಿದ್ದೀ" ಅನ್ನೋದು ತಿಕ್ಕಿ ತಿಕ್ಕಿ ಸಣ್ಣದಾಗಿ "ಮಾಡಾಕತ್ತೀ" ಆಗೈತಿ, ಅದು ಅವನಿಗೆ ಹೆಂಗ ತಿಳೀಬೇಕು? ಅವನ ಕಿವಿನೂ ಚೊಲೋ ಐತಿ, ಬುದ್ಧಿನೂ ಐತಿ. ಅವನಿಗೆ ಯಾರೂ ಈ ಜೋಡಣೆ ತೋರಿಸಿಕೊಟ್ಟಿಲ್ಲ ಅಷ್ಟ. ಇಂಗ್ಲಿಷ್ ಮುಂದ ನಾವೂ ಹಂಗ ನಿಂತೀವಿ.

ಒಂದು ಖುಷಿ ಸುದ್ದಿ ಏನಂದ್ರ ಈ ಜೋಡಣೆ ನಮಗ ಹೊಸದೇನಲ್ಲ, ಹೈಸ್ಕೂಲಿನಾಗ ಕನ್ನಡ ಮಾಸ್ತರ್ರು ಸಂಧಿ ಅಂತ ಕಲಿಸ್ಯಾರ.

ಸ್ಕ್ರೀನ್ ಮೇಲೆ: ಲೋಪ, ಆಗಮ, ಆದೇಶ

ಲೋಪ ಸಂಧಿ ನೆನಪೈತಿ? ಊರು ಮತ್ತ ಊರು ಕೂಡಿದ್ರ ಊರೂರು, ನಡುವಿನ ಉ ಬಿದ್ದು ಹೋಗತೈತಿ. ನಮ್ಮಲ್ಲಿ ಬೀಳೋದು ಸ್ವರ, ಇಂಗ್ಲಿಷಿನಾಗ ಬಹಳ ಸಲ ಬೀಳೋದು ಟ ಮತ್ತ ಡ. ನೆಕ್ಸ್ಟ್ ಡೇ ಅಂತ ಬರೀತಾರ, "ನೆಕ್ಸ್ ಡೇ" ಅಂತಾರ. ಲಾಸ್ಟ್ ನೈಟ್ ಹೋಗಿ "ಲಾಸ್ ನೈಟ್". ಮಸ್ಟ್ ಬಿ ಅನ್ನೋದು "ಮಸ್‌ಬಿ". ನೀವು ಟ ಬರತೈತಿ ಅಂತ ಕಾಯಕೋಂತ ಕುಂತಿರ್ತೀರಿ, ಅದು ಬರೋದ ಇಲ್ಲ.

ಆಗಮ ಸಂಧಿಯಂತೂ ನಮ್ದ ತಂದಿಟ್ಟಂಗ ಐತಿ. ಮನೆ ಮತ್ತ ಅನ್ನು ಕೂಡಿದ್ರ ಮನೆಯನ್ನು, ಯ ಬರತೈತಿ. ಗುರು ಮತ್ತ ಅನ್ನು ಕೂಡಿದ್ರ ಗುರುವನ್ನು, ವ ಬರತೈತಿ. ಈಗ ಸೀ ಇಟ್ ಅಂತ ಜೋರಾಗಿ ಅನ್ರಿ. "ಸೀಯಿಟ್". ಯಕಾರಾಗಮ! ಗೋ ಔಟ್, "ಗೋವೌಟ್". ಡೂ ಇಟ್, "ಡೂವಿಟ್". ವಕಾರಾಗಮ! ಇದನ್ನ ಮೊದಲ ಸಲ ನಾನ ಗಮನಿಸಿದಾಗ ಬಸ್ಸಿನಾಗ ಕುಂತಿದ್ದೆ, ಪಕ್ಕದಾವ್ರಿಗೆ ಹೇಳಬೇಕು ಅನ್ನೋಷ್ಟು ಖುಷಿ ಆಗಿತ್ತು. ಬ್ರಿಟಿಷ್ ಮಾತಿನಾಗ ಇನ್ನೊಂದು ಆಗಮ ಐತಿ, ನಮ್ಮಲ್ಲಿ ಇಲ್ಲದ್ದು, ನಡುವ ರ ಬರತೈತಿ: ಐಡಿಯಾ ಆಫ್ ಅನ್ನೋದು "ಐಡಿಯಾರವ್" ಅಂತ ಕೇಳತೈತಿ. ಎಲ್ಲಿಂದ ಬಂತಪ್ಪಾ ಈ ರ ಅಂತ ಗಾಬರಿ ಬೀಳಬ್ಯಾಡ್ರಿ, ಎರಡು ಸ್ವರದ ನಡುವ ಸೇತುವೆ ಹಾಕ್ಯಾರ ಅಷ್ಟ.

ಆದೇಶ ಸಂಧಿ, ಮಳೆ ಮತ್ತ ಕಾಲ ಕೂಡಿ ಮಳೆಗಾಲ, ಕ ಹೋಗಿ ಗ ಬಂತು. ಅಲ್ಲಿ ಡಿಡ್ ಯು ಅನ್ನೋದು "ಡಿಡ್ಜು", ವುಡ್ ಯು ಅನ್ನೋದು "ವುಡ್ಜು", ಮೀಟ್ ಯು ಅನ್ನೋದು "ಮೀಚು". ಟೆನ್ ಬಾಯ್ಸ್ ಅನ್ನೋದು "ಟೆಂಬಾಯ್ಸ್", ಬ ಬಾಜೂಕ ಬಂತಂದ್ರ ನ ಹೋಗಿ ಮ ಆಗತೈತಿ.

ನಮಗ ಇನ್ನೊಂದು ತೊಡಕು ಯಾವುದಂದ್ರ, ನಮ್ಮ ಪದ ಬಹಳಷ್ಟು ಸ್ವರದಾಗ ಮುಗೀತಾವ. ಅದಕ್ಕ ನಾವು ಬಸ್ ಅನ್ನೋದನ್ನ ಬಸ್ಸು ಮಾಡ್ತೀವಿ, ಕಾರ್ ಅನ್ನೋದನ್ನ ಕಾರು ಮಾಡ್ತೀವಿ, ಸ್ವರ ಕೇಳಿದ ಮ್ಯಾಲ ಪದ ಮುಗೀತು ಅಂತ ಕಿವಿಗೆ ರೂಢಿ ಆಗೈತಿ. ಇಂಗ್ಲಿಷಿನಾಗ ಪದ ವ್ಯಂಜನದಾಗ ಮುಗಿದು, ಆ ವ್ಯಂಜನ ಹೋಗಿ ಮುಂದಿನ ಪದದ ಸ್ವರಕ್ಕ ಅಂಟಿಕೊಂತೈತಿ. ಹಾಫ್ ಅನ್ನೋದರ ಫ, ಆನ್ ಅನ್ನೋದರ ನ, ಎರಡೂ ಮುಂದಕ್ಕ ಹೋಗಿ "ಹಾಫನವರ್" ಆಗಿದ್ದು ಹಿಂಗ.

ಮತ್ತ ತೂಕ. ನಾವು ಮಾತಾಡೋವಾಗ ಎಲ್ಲಾ ಅಕ್ಷರಕ್ಕೂ ಹೆಚ್ಚುಕಮ್ಮಿ ಒಂದ ತೂಕ ಕೊಡ್ತೀವಿ. ಅವರು ಅರ್ಥ ಇರೋ ಪದದ ಮ್ಯಾಲ ಒತ್ತು ಹಾಕಿ, ಟು, ಆಫ್, ಆಂಡ್, ಫಾರ್ ಇಂಥ ಸಣ್ಣ ಪದ ನುಂಗತಾರ. ಕಪ್ ಆಫ್ ಟೀ ಅನ್ನೋದು "ಕಪ್ಪಟೀ". ಹಂಗಾಗಿ ಪ್ರತಿ ಪದ ಹಿಡೀಬೇಕು ಅಂತ ಹೋಗಬ್ಯಾಡ್ರಿ, ಒತ್ತಿದ ಪದ ಹಿಡೀರಿ, ನಡುವಿಂದು ಗ್ರಾಮರ್ ಗೊತ್ತಿರತೈತಲ್ಲ, ನಿಮ್ಮ ತಲಿನ ತುಂಬಿಕೊಂತೈತಿ.

ಈಗ ಪ್ರಾಕ್ಟೀಸ್. ಬಹಳ ಮಂದಿ ಇಂಗ್ಲಿಷ್ ಸಿನಿಮಾ ಸಬ್‌ಟೈಟಲ್ ಹಾಕ್ಕೊಂಡು ನೋಡ್ರಿ ಅಂತ ಹೇಳ್ತಾರ, ನನ್ನ ಅನುಭವದಾಗ ಅದು ಓದೋ ಪ್ರಾಕ್ಟೀಸ್ ಆಗತೈತಿ, ಕೇಳೋದಲ್ಲ. ನಾನು ಮಾಡಿದ್ದು ಏನಂದ್ರ, ಒಂದ ಒಂದು ನಿಮಿಷದ ಆಡಿಯೋ, ಅದಕ್ಕ ಬರಹ ರೂಪದ ಟ್ರಾನ್ಸ್‌ಕ್ರಿಪ್ಟ್ ಇರಬೇಕು. ಬಿಬಿಸಿ ಲರ್ನಿಂಗ್ ಇಂಗ್ಲಿಷ್ ವೆಬ್‌ಸೈಟಿನಾಗ ಫ್ರೀ ಸಿಗತಾವ. ಕ್ಲಾಸ್ ಲೆಕ್ಚರ್ ಟೈಪ್ ಬೇಕಂದ್ರ ಎನ್‌ಪಿಟಿಇಎಲ್ ಐತಿ, ಐಐಟಿ ಮತ್ತ ಐಐಎಸ್‌ಸಿ ಪ್ರೊಫೆಸರ್‌ಗಳ ಪಾಠ, ಟ್ರಾನ್ಸ್‌ಕ್ರಿಪ್ಟ್ ಸಹಿತ ಸಿಗತಾವ, ಉಚ್ಚಾರಣೆನೂ ನಮ್ಮ ದೇಶದ್ದ ಆದ್ದರಿಂದ ಶುರು ಮಾಡಾಕ ಹಗುರ ಆಗತೈತಿ. ಮೊದಲು ಏನೂ ನೋಡದ ಒಂದ್ಸಲ ಪೂರ್ತಿ ಕೇಳ್ರಿ. ಆಮ್ಯಾಲ ಒಂದೊಂದ ಸಾಲು ನಿಲ್ಲಿಸಿ ನಿಲ್ಲಿಸಿ, ಕೇಳಿಸಿದ್ದನ್ನ ನೋಟ್‌ಬುಕ್ಕಿನಾಗ ಬರೀರಿ, ತಿಳೀಲಿಲ್ಲಂದ್ರ ಕನ್ನಡ ಅಕ್ಷರದಾಗ ಸಪ್ಪಳ ಹೆಂಗ ಕೇಳ್ತೋ ಹಂಗ ಬರೀರಿ, ನಾಚಿಕೆ ಬ್ಯಾಡ. ಇದು ಬಹಳ ಮುಖ್ಯ. ಕನ್ನಡ ಲಿಪಿಯಾಗ ಸಪ್ಪಳ ಹೆಂಗೈತೋ ಹಂಗ ಬರೀಬಹುದು, ಅದು ನಮಗಿರೋ ದೊಡ್ಡ ಅನುಕೂಲ. ಆಮ್ಯಾಲ ಟ್ರಾನ್ಸ್‌ಕ್ರಿಪ್ಟ್ ತಗದು ಹೋಲಿಸಿ ನೋಡ್ರಿ.

ಹೋಲಿಸಿದ ಮ್ಯಾಲ ಪುಟದ ನಡುವ ಒಂದು ಗೆರಿ ಎಳೀರಿ. ಎಡಕ್ಕ, ಗೊತ್ತ ಇರದ ಪದ. ಬಲಕ್ಕ, ಗೊತ್ತಿತ್ತು ಆದ್ರ ಕೇಳಿಸಲಿಲ್ಲ. ನನ್ನ ನೋಟ್‌ಬುಕ್ಕಿನಾಗ ಮೊದಲ ಎರಡು ವಾರ ಬಲಗಡಿ ಪುಟ ತುಂಬಿ ಕೆಳಗ ಹೋಗಿತ್ತು, ಎಡಗಡಿ ನಾಲ್ಕೈದು ಪದ ಇದ್ವು. ಬಲಗಡಿ ಇರೋ ಪ್ರತಿಯೊಂದಕ್ಕೂ ಲೋಪನೋ ಆಗಮನೋ ಆದೇಶನೋ ಅಂತ ಬರೀರಿ, ಆಮ್ಯಾಲ ಆ ಸಾಲನ್ನ ಅವರಂಗ ಜೋಡಿಸಿ ಬಾಯಿಬಿಟ್ಟು ಹತ್ತು ಸಲ ಅನ್ರಿ. ಬಾಯಿಗೆ ಬಂದಿದ್ದು ಕಿವಿಗೆ ಹಿಡಿಯೋದು ಹಗುರ ಆಗತೈತಿ. ಸ್ಪೀಡ್ ಮೊದಲು ಬೇಕಂದ್ರ 0.75 ಇಟ್ಕೊಳ್ರಿ, ಆದ್ರ ಅಲ್ಲೇ ಉಳೀಬ್ಯಾಡ್ರಿ, ಯಾಕಂದ್ರ ನಿಧಾನ ಮಾಡಿದ್ರ ಸಪ್ಪಳ ಉದ್ದ ಆಗತೈತಿ, ಸಂಧಿ ಬಿಚ್ಚಂಗಿಲ್ಲ.

ರೊಕ್ಕ ಇಲ್ಲ, ಡೇಟಾ ಇಲ್ಲ ಅನ್ನೋರಿಗೆ ಒಂದು ಹೇಳ್ತೀನಿ. ಬಳ್ಳಾರಿ, ಹೊಸಪೇಟೆ, ಕೊಪ್ಪಳ ರೈಲ್ವೆ ಸ್ಟೇಷನ್ನಿನಾಗ ಅನೌನ್ಸ್‌ಮೆಂಟ್ ಕನ್ನಡದಾಗೂ ಬರತೈತಿ, ಇಂಗ್ಲಿಷಿನಾಗೂ ಬರತೈತಿ. ಹಂಪಿ ಎಕ್ಸ್‌ಪ್ರೆಸ್ ನಂಬರ್ 16591, ಅದನ್ನ "ಒನ್ ಸಿಕ್ಸ್ ಫೈವ್ ನೈನ್ ಒನ್" ಅಂತ ಬಿಡಿಬಿಡಿಯಾಗಿ ಹೇಳೋದನ್ನ ಕೇಳಿದಂಗ ಅಂಕಿ ಬರಕೊಳ್ರಿ, ಟೈಮು, ಪ್ಲಾಟ್‌ಫಾರ್ಮ್ ನಂಬರ್ರು ಬರಕೊಳ್ರಿ, ಉತ್ತರ ಕನ್ನಡ ಅನೌನ್ಸ್‌ಮೆಂಟಿನಾಗ ಸಿಕ್ಕ ಸಿಗತೈತಿ. ಹಂಗ ಆಕಾಶವಾಣಿಯಾಗ ಕನ್ನಡ ವಾರ್ತೆ ಮೊದಲು ಕೇಳಿ ಆಮ್ಯಾಲ ಅದೇ ದಿನದ ಇಂಗ್ಲಿಷ್ ನ್ಯೂಸ್ ಕೇಳ್ರಿ, ವಿಷಯ ಮೊದಲ ಗೊತ್ತಿದ್ರ ಕಿವಿ ಮುಂದಕ್ಕ ಓಡತೈತಿ. ಆನೆಗುಂದಿ, ಸಣಾಪುರ ಕಡಿ ಟೂರಿಸ್ಟರ ಜೊತಿ ದಿನಾ ಇಂಗ್ಲಿಷ್ ಮಾತಾಡೋ ಅಂಗಡಿಯವ್ರು ಅದಾರ, ಅವ್ರಾಗ ಎಷ್ಟೋ ಮಂದಿ ಗ್ರಾಮರ್ ಪುಸ್ತಕ ಮುಟ್ಟಿಲ್ಲ, ಕೇಳಿ ಕೇಳಿನ ಕಲ್ತಾರ. ನನಗ ಅವರ ಮ್ಯಾಲ ಬಹಳ ಗೌರವ ಐತಿ.

ಟೆಸ್ಟ್ ಪ್ಯಾಟರ್ನ್ ಒಂದೊಂದು ಕಡಿ ಒಂದೊಂದು ಇರತೈತಿ, ಆಡಿಯೋ ಒಂದ್ಸಲನೋ ಎರಡ್ಸಲನೋ ಅನ್ನೋದನ್ನ ನಿಮ್ಮ ಲೆಕ್ಚರರ್ ಹತ್ರ ಮೊದಲ ಕೇಳ್ಕೊಳ್ರಿ. ಹೊರದೇಶಕ್ಕ ಹೋಗೋರು ಬರಿಯೋ ಐಇಎಲ್‌ಟಿಎಸ್ ನೋಡಿದ್ರ, ಲಿಸನಿಂಗ್ ಒಳಗ 4 ಭಾಗ, 40 ಪ್ರಶ್ನೆ, ಸುಮಾರು 30 ನಿಮಿಷ, ಆಡಿಯೋ ಒಂದ ಸಲ. ಎರಡು ಪದದ ಒಳಗ ಬರೀರಿ ಅಂತ ಇದ್ದಲ್ಲಿ ಮೂರು ಪದ ಬರದ್ರ ತಪ್ಪು, ಸ್ಪೆಲಿಂಗ್ ಕೆಟ್ರೂ ಮಾರ್ಕ್ ಹೋಗತೈತಿ. ಅದರ ಸ್ಯಾಂಪಲ್ ಟೆಸ್ಟ್ ಫ್ರೀ ಸಿಗತಾವ, ಅದಕ್ಕ ರೂಢಿ ಆದ್ರ ಕಾಲೇಜ್ ಟೆಸ್ಟ್ ಅಷ್ಟು ಹೆದರಿಸಂಗಿಲ್ಲ.

ಆಡಿಯೋ ಶುರುವಾಗೋಕ್ಕಿಂತ ಮೊದಲು ಪ್ರಶ್ನೆ ಓದಾಕ ಟೈಮ್ ಕೊಡ್ತಾರಲ್ಲ, ಆಗ ಪ್ರತಿ ಖಾಲಿ ಜಾಗದ ಬಾಜೂಕ ಸಣ್ಣದಾಗಿ ಬರೀರಿ: ಇದು ಅಂಕಿ, ಇದು ಹೆಸರು, ಇದು ಜಾಗ. ನಾನು ಅವತ್ತು ಮೂರನೇ ಪ್ರಶ್ನೆ ಮುಂದ "ಟೈಮ್" ಅಂತ ಬರ್ದಿದ್ರ ಹಾಫನವರ್ ಯಾರು ಅಂತ ಹುಡುಕ್ತಿರಲಿಲ್ಲ. ಮತ್ತ ಒಂದು ತಪ್ಪಿತೋ, ಬಿಟ್ಟುಬಿಡ್ರಿ, ಕೈ ಮುಂದಿನ ಪ್ರಶ್ನೆ ಮ್ಯಾಲ ಇಡ್ರಿ. ನನ್ನ ಒಂದು ತಪ್ಪಿಗೆ ಇನ್ನೂ ಮೂರು ಪ್ರಶ್ನೆ ಹೋದ್ವು, ಆ ಮೂರೂ ಹಗುರ ಇದ್ವು ಅಂತ ಆಮ್ಯಾಲ ಗೊತ್ತಾತು.

ಮೋಸ ಹೋಗೋ ಜಾಗ ಕೆಲವು ಅದಾವ. ಫಿಫ್ಟೀನ್, ಫಿಫ್ಟಿ: 15 ಆದ್ರ ಕೊನೆಗೆ "ಟೀನ್" ಅಂತ ಉದ್ದಕ್ಕ ಎಳೀತಾರ, 50 ಆದ್ರ ಒತ್ತು ಮೊದಲಿಗೆ ಬಿದ್ದು "ಟಿ" ಚೋಟುದ್ದ ಆಗತೈತಿ. ಫೋನ್ ನಂಬರಿನಾಗ ಸೊನ್ನೆಗೆ "ಓ" ಅಂತಾರ, 44 ಬಂದ್ರ "ಡಬಲ್ ಫೋರ್". ಹೆಸರಿನ ಸ್ಪೆಲಿಂಗ್ ಹೇಳೋವಾಗ ಬ್ರಿಟಿಷ್ ಮಂದಿ ಆರ್ ಅಕ್ಷರಕ್ಕ ಬರೇ "ಆ" ಅಂತಾರ, ಅದನ್ನ ಎ ಅಂತ ಬರದ್ರ ಹೋತು. ಕ್ಯಾನ್ ಮತ್ತ ಕಾಂಟ್ ಅಂತೂ ಅಮೆರಿಕನ್ ಮಾತಿನಾಗ ಬಹಳ ಕಾಡತೈತಿ, ಟ ಕೇಳಂಗ ಇಲ್ಲ; ಆಗ "ಕನ್" ಅಂತ ನುಂಗಿ ಮುಂದಿನ ಪದ ಒತ್ತಿದ್ರ ಆಗತೈತಿ ಅಂತ, "ಕ್ಯಾನ್" ಅಂತ ಒತ್ತಿ ಹೇಳಿದ್ರ ಬಹಳ ಸಲ ಆಗಂಗಿಲ್ಲ ಅಂತ. ಇನ್ನ, ಮೊದಲ ಕೇಳಿದ ಉತ್ತರಕ್ಕ ಬಿದ್ದು ಪೆನ್ನು ಕೆಳಗ ಇಡಬ್ಯಾಡ್ರಿ. "ಟ್ಯೂಸ್‌ಡೇ ಭೇಟಿ ಆಗೋಣ" ಅಂತ ಹೇಳಿ, ಹಿಂದಿಂದನ "ಸಾರಿ, ಅವತ್ತು ಲ್ಯಾಬ್ ಐತಿ, ಥರ್ಸ್‌ಡೇ" ಅಂತಾರ. ಆಕ್ಚುವಲಿ, ಬಟ್, ಸಾರಿ, ಈ ಮೂರು ಕೇಳಿದ್ರ ಕಿವಿ ನೆಟ್ಟಗಾಗಬೇಕು.

ಟೆಸ್ಟಿನ ಹಿಂದಿನ ದಿನ ಹೊಸದೇನೂ ಕೇಳಬ್ಯಾಡ್ರಿ, ಬಲಗಡಿ ಕಾಲಂ ಒಂದ್ಸಲ ಬಾಯಿಬಿಟ್ಟು ಓದ್ರಿ ಸಾಕು. ಲ್ಯಾಬಿಗೆ ಹೋದ ಕೂಡ್ಲೆ ಹೆಡ್‌ಫೋನಿನ ಎರಡೂ ಕಡಿ ಸಪ್ಪಳ ಬರತೈತೋ ನೋಡ್ರಿ, ಬರಲಿಲ್ಲಂದ್ರ ಶುರುವಾಗೋ ಮೊದಲ ಕೈ ಎತ್ರಿ, ಅದು ನಿಮ್ಮ ಹಕ್ಕು.

ಈಗ ಪೆನ್ನು ತಗೊಳ್ರಿ. ಒಂದು ಸಾಲು ಹೇಳ್ತೀನಿ, ಒಂದ ಸಲ ಮಾತ್ರ, ಅವರು ಹೆಂಗ ಅಂತಾರೋ ಹಂಗ. ಕಣ್ಣು ಮುಚ್ಚಿ ಕೇಳಿ, ಸಪ್ಪಳ ಕನ್ನಡದಾಗ ಬರದು, ಆಮ್ಯಾಲ ಸಂಧಿ ಬಿಡಿಸ್ರಿ. ಅದ್ರಾಗ ಎಂಟು ಇಂಗ್ಲಿಷ್ ಪದ ಅದಾವ, ಎಂಟೂ ನಿಮಗ ಗೊತ್ತಿರೋವ. ರೆಡಿ?

"ಐಲ್ ಪಿಕಿಟಪಟ್ ಹಾಫ್ ಪಾಸ್ಟೇಟ್."