ಚಾರ್ಜರ್ ಬಿಡಿ, ಬಚ್ಚಲ ಕಡೆ ನೋಡಿ

ನಮಸ್ಕಾರ. ಮನೆ ಖರ್ಚು ಉಳಿಸೋ ಬಗ್ಗೆ ಯಾವ ವಿಡಿಯೋ ತೆಗೆದರೂ ಮೊದಲು ಬರೋ ಬುದ್ಧಿಮಾತು ಒಂದೇ: ಮೊಬೈಲ್ ಚಾರ್ಜರ್ ಪ್ಲಗ್ಗಿನಿಂದ ಕಿತ್ತಿಡಿ. ಕಿತ್ತಿಡಿ, ಬೇಡ ಅನ್ನಲ್ಲ. ಆದರೆ ಫೋನ್ ಸಿಕ್ಕಿಸದೆ ಸುಮ್ಮನೆ ನೇತಾಡೋ ಚಾರ್ಜರ್ ತಿಂಗಳಿಡೀ ಎಳೆಯೋದು ಕಾಲು ಯೂನಿಟ್ಟೂ ಇಲ್ಲ. ಒಬ್ಬರ ಸ್ನಾನಕ್ಕೆ ಒಂದು ಬಕೆಟ್ ನೀರು ಕಾಯಿಸೋಕೇ ಅದಕ್ಕಿಂತ ಜಾಸ್ತಿ ಬೇಕು. ಕರೆಂಟಿರಲಿ, ಗ್ಯಾಸಿರಲಿ, ನಮ್ಮ ಮನೆಗಳಲ್ಲಿ ದುಡ್ಡು ಹೆಚ್ಚು ಕರಗೋದು ಬಿಸಿ ಮಾಡೋ ಕೆಲಸದಲ್ಲಿ. ಉಳಿಸೋಕೆ ಹೊರಟವರು ಮೊದಲು ಬಚ್ಚಲು, ಆಮೇಲೆ ಒಲೆ ನೋಡಬೇಕು. ಉಳಿದದ್ದೆಲ್ಲ ಚಿಲ್ಲರೆ.

ಬಚ್ಚಲ ಲೆಕ್ಕ ಹಾಕೋಣ. 20 ಲೀಟರ್ ಬಕೆಟ್ ನೀರನ್ನ 24 ಡಿಗ್ರಿಯಿಂದ ಮೈಗೆ ಹಿತ ಅನ್ನಿಸೋ 40 ಡಿಗ್ರಿಗೆ ತರೋಕೆ ಹತ್ತಿರಹತ್ತಿರ 0.4 ಯೂನಿಟ್ ಬೇಕು. ನಾಲ್ಕು ಜನರ ಮನೆಯಲ್ಲಿ ತಿಂಗಳಿಗೆ 48 ಯೂನಿಟ್. ಅದೇ ಜನ ಶವರ್ ಕೆಳಗೆ ಎಂಟೆಂಟು ನಿಮಿಷ ನಿಂತರೆ? ಸಾಧಾರಣ ಶವರ್ ನಿಮಿಷಕ್ಕೆ 8 ಲೀಟರ್ ಸುರಿಯುತ್ತೆ ಅಂತಿಟ್ಟುಕೊಳ್ಳಿ, ಒಬ್ಬರಿಗೆ 64 ಲೀಟರ್, ಅಂದರೆ 1.2 ಯೂನಿಟ್. ತಿಂಗಳಿಗೆ 144. ವ್ಯತ್ಯಾಸ 96 ಯೂನಿಟ್. ಯೂನಿಟ್ಟಿಗೆ 6 ರೂಪಾಯಿ ಹಿಡಿದರೂ ಐನೂರಎಪ್ಪತ್ತಾರು ರೂಪಾಯಿ, ಅದೂ ಬಕೆಟ್ಟು ಚೊಂಬಿನಿಂದ. ಶವರ್ ಬೇಕೇ ಬೇಕು ಅನ್ನೋರು ಸೋಪು ಹಚ್ಚೋವಾಗ ನಲ್ಲಿ ನಿಲ್ಲಿಸಿ. ಅಷ್ಟು ಮಾಡಿದರೂ ಅರ್ಧಕ್ಕರ್ಧ ಇಳಿಯುತ್ತೆ.

"ನಮಗೆ ಗೃಹಜ್ಯೋತಿ ಇದೆಯಲ್ಲ, ಕರೆಂಟ್ ಫ್ರೀ" ಅನ್ನೋರು ಒಂದು ನಿಮಿಷ ನಿಲ್ಲಿ. 2023ರ ಜುಲೈಯಿಂದ ಬಂದ ಈ ಯೋಜನೆಯಲ್ಲಿ ಎಲ್ಲರಿಗೂ 200 ಯೂನಿಟ್ ಪುಕ್ಕಟೆ ಸಿಗಲ್ಲ. 2022-23ರಲ್ಲಿ ನೀವು ತಿಂಗಳಿಗೆ ಸರಾಸರಿ ಎಷ್ಟು ಬಳಸಿದ್ರೋ ಅದರ ಮೇಲೆ ಒಂದಿಷ್ಟು ಸೇರಿಸಿ ನಿಮ್ಮ ಮಿತಿ ಕಟ್ಟಿದ್ದಾರೆ. ಮೊದಲು ಅದು ಎಲ್ಲರಿಗೂ ಶೇಕಡ 10 ಇತ್ತು, 2024ರಲ್ಲಿ ಸರಾಸರಿ 48 ಯೂನಿಟ್ಟಿಗಿಂತ ಕಡಿಮೆ ಬಳಸೋರಿಗೆ 10 ಯೂನಿಟ್ ಅಂತ ಬದಲಾಯ್ತು. ಮಿತಿ ದಾಟಿದರೆ ಹೆಚ್ಚುವರಿ ಯೂನಿಟ್ಟಿಗೆ ದುಡ್ಡು ಕಟ್ಟಬೇಕು. 200 ದಾಟಿದರೆ ಪೂರ್ತಿ ಬಿಲ್ಲು ನಿಮ್ಮದೇ. ಅಂದರೆ 199ಕ್ಕೂ 201ಕ್ಕೂ ನಡುವೆ ಇರೋದು ಎರಡು ಯೂನಿಟ್ಟಲ್ಲ, ಸಾವಿರ ರೂಪಾಯಿ ದಾಟೋ ಬಿಲ್ಲು. ಚಳಿಗಾಲದಲ್ಲಿ ಎಷ್ಟೋ ಮನೆ ಈ ಗೆರೆ ದಾಟೋದು ಗೀಸರಿನಿಂದಲೇ. ಹಾಗಾಗಿ ತಿಂಗಳ ನಡುವೆ ಒಮ್ಮೆ ಮೀಟರ್ ಓದಿ, ಹಿಂದಿನ ಬಿಲ್ಲಿನ ರೀಡಿಂಗ್ ಕಳೆದು ನೋಡಿಕೊಳ್ಳಿ.

ಗೀಸರ್ ಕೊಳ್ಳೋವಾಗ ಎಲ್ಲರೂ ಸ್ಟಾರ್ ನೋಡ್ತಾರೆ. ಸ್ಟೋರೇಜ್ ಗೀಸರಿನ ಸ್ಟಾರ್ ಹೇಳೋದು ಏನಂದ್ರೆ, ಕಾದ ನೀರು ಟ್ಯಾಂಕಿನಲ್ಲಿ ಸುಮ್ಮನೆ ನಿಂತಾಗ ಎಷ್ಟು ಶಾಖ ಸೋರಿಹೋಗುತ್ತೆ ಅನ್ನೋದು. ಸ್ನಾನಕ್ಕೆ ಮುಂಚೆ ಹಾಕಿ, ಮುಗಿದ ತಕ್ಷಣ ಆರಿಸೋ ಮನೆಗೆ ಅದರಿಂದ ಆಗೋ ಲಾಭ ಕಡಿಮೆ. ನನ್ನ ಪ್ರಕಾರ ಸ್ಟಾರಿಗಿಂತ ಟ್ಯಾಂಕಿನ ಅಳತೆ ದೊಡ್ಡದು. 25 ಲೀಟರ್ ಟ್ಯಾಂಕನ್ನ 60 ಡಿಗ್ರಿಗೆ ಕಾಯಿಸಿದರೆ ಒಂದು ಯೂನಿಟ್ಟಿಗೂ ಸ್ವಲ್ಪ ಮೇಲೆ ಆಗುತ್ತೆ. ಸ್ನಾನ ಮಾಡೋದು ಒಬ್ಬರೇ ಆದರೆ ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಟ್ಯಾಂಕಿನಲ್ಲೇ ಉಳಿದು ತಣ್ಣಗಾಗುತ್ತೆ. ಒಬ್ಬರ ಹಿಂದೆ ಒಬ್ಬರು ಮುಗಿಸಿಬಿಡಿ, ಬೆಳಗ್ಗೆ ಆರಕ್ಕೊಬ್ಬರು ಒಂಬತ್ತಕ್ಕೊಬ್ಬರು ಅನ್ನೋದು ಬೇಡ. ಥರ್ಮೋಸ್ಟಾಟ್ 50ರಿಂದ 55ರಲ್ಲಿ ಸಾಕು. ಬೋರ್‌ವೆಲ್ ನೀರಿನ ಮನೆಗಳಲ್ಲಿ ಇದಕ್ಕೆ ಇನ್ನೊಂದು ಕಾರಣ ಇದೆ: ನೀರು ಬಿಸಿಯಾದಷ್ಟೂ ಕಾಯಿಲ್ ಮೇಲೆ ಸುಣ್ಣ ಬೇಗ ಕಟ್ಟುತ್ತೆ. ಸುಣ್ಣ ಕಟ್ಟಿದ ಕಾಯಿಲ್ ನಿಧಾನ ಕಾಯಿಸುತ್ತೆ, ಕೊನೆಗೆ ಸುಟ್ಟು ಹೋಗುತ್ತೆ. ಗಡಸು ನೀರಿದ್ದರೆ ವರ್ಷಕ್ಕೊಮ್ಮೆ ಟ್ಯಾಂಕ್ ತೆಗೆಸಿ ಸುಣ್ಣ ಕೆರೆಸಿ, ಟ್ಯಾಂಕಿನ ಬದಲು ತಾನು ತುಕ್ಕಿಗೆ ಬಲಿಯಾಗೋ ಆ್ಯನೋಡ್ ಕಡ್ಡಿ ಸವೆದಿದೆಯಾ ನೋಡಿಸಿ. ಕಡ್ಡಿ ಕರಗಿ ಮುಗಿದ ಮೇಲೆ ತುಕ್ಕು ಹಿಡಿಯೋದು ಟ್ಯಾಂಕಿಗೇ.

ಅಡಿಕೆ ಸಿಪ್ಪೆ, ತೆಂಗಿನ ಗರಿ ಹಿತ್ತಲಲ್ಲೇ ಬೀಳೋ ಮಲೆನಾಡು, ಕರಾವಳಿ ಮನೆಗಳವರಿಗೆ ಇಷ್ಟು ಹೊತ್ತಿನ ಮಾತು ಬೇಕಿಲ್ಲ. ಬಚ್ಚಲೊಲೆ ಕೆಡವದೆ ಇಟ್ಟುಕೊಂಡಿದ್ದರೆ ನೀವು ನಮಗಿಂತ ಮುಂದಿದ್ದೀರಿ.

ಇನ್ನು ಒಲೆ. ಒಂದು ಲೀಟರ್ ನೀರನ್ನ ಕುದಿಗೆ ತರೋಕೆ ಎಷ್ಟು ಶಾಖ ಬೇಕೋ, ಅದೇ ನೀರನ್ನ ಪೂರ್ತಿ ಆವಿ ಮಾಡೋಕೆ ಅದರ ಏಳರಷ್ಟು ಬೇಕು. ಅಡುಗೆಮನೆ ಉಳಿತಾಯ ಬಹುಪಾಲು ಇದೊಂದರಲ್ಲೇ ಇದೆ. ಪಾತ್ರೆಯಿಂದ ಏಳೋ ಹಬೆ ಎಲ್ಲ ಗ್ಯಾಸಿನ ದುಡ್ಡು. ಒಮ್ಮೆ ಕುದಿ ಬಂದ ಮೇಲೆ ಉರಿ ಎಷ್ಟು ಜೋರು ಮಾಡಿದರೂ ನೀರು ನೂರು ಡಿಗ್ರಿ ದಾಟಲ್ಲ, ಕಾಳು ಬೇಗ ಬೇಯಲ್ಲ, ಹಬೆ ಮಾತ್ರ ಜಾಸ್ತಿ ಏಳುತ್ತೆ. ಮುಚ್ಚಳ ಮುಚ್ಚಿ, ಸಿಮ್ ಮಾಡಿ.

ಕುಕ್ಕರಿನ ಕೂಗೂ ಅಷ್ಟೇ. "ಬೇಳೆಗೆ ಐದು ಕೂಗು" ಅಂತ ಲೆಕ್ಕ ಇಡೋದು ರೂಢಿ. ಕೂಗು ಅಂದರೆ ಒಳಗೆ ಒತ್ತಡ ತುಂಬಿ, ಹೆಚ್ಚಾದ ಹಬೆಯನ್ನ ಕುಕ್ಕರ್ ಹೊರಗೆ ಬಿಟ್ಟಿತು ಅಂತ. ಬೇಯಿಸೋದು ಒಳಗಿನ ಸುಮಾರು 120 ಡಿಗ್ರಿ ಶಾಖ, ಕೂಗಲ್ಲ. ಮೊದಲ ಕೂಗು ಬಂದ ಕೂಡಲೇ ಉರಿಯನ್ನ ಪೂರ್ತಿ ಸಿಮ್ಮಿಗೆ ಇಳಿಸಿ, ಗಡಿಯಾರ ನೋಡಿ. ಅರ್ಧ ಗಂಟೆ ನೆನೆಸಿದ ತೊಗರಿ ಬೇಳೆಗೆ ಏಳೆಂಟು ನಿಮಿಷ ಸಾಕು. ಆಫ್ ಮಾಡಿದ ಮೇಲೆ ಹಬೆ ತಾನಾಗೇ ಇಳಿಯೋಕೆ ಬಿಡಿ, ಆ ಹತ್ತು ನಿಮಿಷವೂ ಬೇಳೆ ಬೇಯ್ತಾನೇ ಇರುತ್ತೆ. ಕಡಲೆಕಾಳು, ಹುರುಳಿಕಾಳು ರಾತ್ರಿಯೇ ನೆನೆಹಾಕಬೇಕು, ಅದಕ್ಕೆ ಅಡ್ಡದಾರಿ ಇಲ್ಲ.

ಇಷ್ಟು ಮಾಡಿದರೂ ಬೇಳೆ ಬೇಯಲ್ಲ ಅಂದರೆ ಎರಡು ಕಡೆ ಅನುಮಾನ ಪಡಿ. ಒಂದು, ನೀರು. ಬೋರ್ ನೀರಿನ ಕ್ಯಾಲ್ಸಿಯಂ ಬೇಳೆಯ ಜೀವಕೋಶಗಳ ಗೋಡೆಗಳನ್ನ ಬಿಗಿ ಮಾಡುತ್ತೆ. ಬೇಳೆಗೆ ಮಾತ್ರ ಕ್ಯಾಲ್ಸಿಯಂ ತೆಗೆಯೋ ಆರ್‌ಒ ಫಿಲ್ಟರ್ ನೀರು ಹಾಕಿ, ಅದಿಲ್ಲದಿದ್ದರೆ ಒಂದು ಚಿಟಿಕೆ ಅಡುಗೆ ಸೋಡಾ. ಎರಡನೆಯದು, ಹುಣಸೆಹಣ್ಣು ಅಥವಾ ಟೊಮೇಟೊ ಬೇಳೆ ಜೊತೆಗೇ ಹಾಕಿರ್ತೀರಿ. ಹುಳಿ ಸೇರಿದ ಬೇಳೆ ಬೇಗ ಮೆತ್ತಗಾಗಲ್ಲ. ಹುಳಿ ಯಾವಾಗಲೂ ಬೆಂದ ಮೇಲೆ.

ಕುಕ್ಕರಿನಲ್ಲಿ ಡಬ್ಬಿ ಇಟ್ಟು ಅನ್ನ, ಬೇಳೆ, ತರಕಾರಿ ಒಟ್ಟಿಗೆ ಬೇಯಿಸೋರು ತಳಕ್ಕೆ ಒಂದೂವರೆ ಲೋಟ ನೀರು ಹಾಕಿದರೆ ಸಾಕು. ನಾಲ್ಕು ಲೋಟ ಹಾಕಿದರೆ ಆ ನೀರನ್ನೂ ಕಾಯಿಸಿದಂತೆ. ಆದರೆ ಗ್ಯಾಸ್ಕೆಟ್ ಗಟ್ಟಿಯಾಗಿ ಅಂಚಿನಿಂದ ಹಬೆ ಸೋರ್ತಿದ್ದರೆ ಈ ಒಂದೂವರೆ ಲೋಟ ಆರಿಹೋಗಿ ಸೇಫ್ಟಿ ವಾಲ್ವ್ ಕರಗುತ್ತೆ. ಕೂಗು ಬರೋಕೆ ಮೊದಲಿಗಿಂತ ತಡ ಆಗ್ತಿದೆ ಅಂದರೆ ಗ್ಯಾಸ್ಕೆಟ್ ಬದಲಾಯಿಸಿ. ಅದನ್ನ ಫ್ರಿಜ್ಜಿನಲ್ಲಿಟ್ಟು ಎಳೆದಾಡೋದು ಎರಡು ದಿನದ ಉಪಾಯ ಮಾತ್ರ.

ಉರಿ ಹಳದಿ ತಿರುಗಿ ಪಾತ್ರೆ ತಳ ಕಪ್ಪಾಗ್ತಿದ್ದರೆ ಗ್ಯಾಸ್ ಸರಿಯಾಗಿ ಉರೀತಿಲ್ಲ. ಹಿತ್ತಾಳೆ ಬರ್ನರ್ ತೆಗೆದು, ಬಿಸಿ ಸೋಪು ನೀರಲ್ಲಿ ನೆನೆಸಿ, ತೂತುಗಳನ್ನ ಹಳೇ ಬ್ರಶ್ಶಿನಿಂದ ಉಜ್ಜಿ, ಪೂರ್ತಿ ಒಣಗಿಸಿ ಕೂರಿಸಿ. ಒಳಗಿನ ಜೆಟ್ಟಿಗೆ ಮಾತ್ರ ಸೂಜಿ ಹಾಕಬೇಡಿ. ಅದರ ತೂತು ಒಂಚೂರು ದೊಡ್ಡದಾದರೂ ಗ್ಯಾಸ್ ಜಾಸ್ತಿ ಬಂದು ಉರಿ ಶಾಶ್ವತವಾಗಿ ಹಳದಿಯೇ.

ಗ್ಯಾಸಾ, ಇಂಡಕ್ಷನ್ನಾ ಅನ್ನೋ ಜಗಳಕ್ಕೆ ಒಂದು ಸುಲಭ ಭಾಗಾಕಾರ ಇದೆ. 14.2 ಕಿಲೋ ಸಿಲಿಂಡರ್ ಪಾತ್ರೆಗೆ ಮುಟ್ಟಿಸೋ ಶಾಖವನ್ನ ಇಂಡಕ್ಷನ್‌ನಲ್ಲಿ ಪಡೆಯೋಕೆ ಸುಮಾರು 130 ಯೂನಿಟ್ ಬೇಕು. ನಿಮ್ಮ ಊರಿನ ಸಿಲಿಂಡರ್ ದರವನ್ನ 130ರಿಂದ ಭಾಗಿಸಿ. 850 ರೂಪಾಯಿ ಆದರೆ ಆರೂವರೆ ಬರುತ್ತೆ. ನಿಮ್ಮ ಕರೆಂಟಿನ ಯೂನಿಟ್ ದರ ಅದಕ್ಕಿಂತ ಕಡಿಮೆ ಇದ್ದರೆ ಇಂಡಕ್ಷನ್ ಅಗ್ಗ, ಆದರೆ ಅಂತರ ಬಹಳ ಇಲ್ಲ. ಗೃಹಜ್ಯೋತಿ ಮಿತಿಯಲ್ಲಿ ಇನ್ನೂ ಯೂನಿಟ್ ಮಿಗ್ತಿದ್ದರೆ ಕಣ್ಮುಚ್ಚಿ ಇಂಡಕ್ಷನ್. ಮಿತಿಯ ಅಂಚಿನಲ್ಲಿದ್ದರೆ ಗ್ಯಾಸೇ ವಾಸಿ. ಸಿಲಿಂಡರ್ ಬಂದಾಗ ತೂಕ ಹಾಕಿಸೋದನ್ನ ಮರೀಬೇಡಿ: ಖಾಲಿ ತೂಕ ಹಿಡಿಕೆಯ ಪಟ್ಟಿಯ ಮೇಲೆ ಬರೆದಿರುತ್ತೆ, ಅದಕ್ಕೆ 14.2 ಕೂಡಿಸಿದರೆ ತಕ್ಕಡಿ ತೋರಿಸಬೇಕಾದ ಅಂಕಿ.

ಬಿಸಿ ಬಿಟ್ಟು ಉಳಿದವುಗಳಲ್ಲಿ ಒಂದೇ ಒಂದಕ್ಕೆ ದುಡ್ಡು ಹಾಕಬಹುದು, ಅದು ದಿನಕ್ಕೆ ಹತ್ತು ಗಂಟೆ ತಿರುಗೋ ಫ್ಯಾನು. ಹಳೇದು 75 ವಾಟ್, ಬಿಎಲ್‌ಡಿಸಿ (ಬ್ರಶ್ ಇಲ್ಲದ ಮೋಟಾರಿನ) ಫ್ಯಾನು 30 ವಾಟ್, ತಿಂಗಳಿಗೆ 13 ಯೂನಿಟ್ ಉಳಿಯುತ್ತೆ. ಅಪರೂಪಕ್ಕೆ ಬಳಸೋ ಕೋಣೆಯ ಫ್ಯಾನ್ ಬದಲಾಯಿಸೋದು ದಂಡ.

ಮಿಕ್ಕಿದ್ದನ್ನ ನಿಮ್ಮ ಮೀಟರೇ ಹೇಳುತ್ತೆ. ಮೀಟರ್ ಮೇಲೆ ಮಿನುಗೋ ಕೆಂಪು ದೀಪದ ಪಕ್ಕ 3200 ಅಥವಾ 1600 ಅಂತ ಬರೆದಿರುತ್ತೆ, ಒಂದು ಯೂನಿಟ್ಟಿಗೆ ಅಷ್ಟು ಸಲ ಮಿನುಗುತ್ತೆ ಅಂತ ಅರ್ಥ. 3200ರ ಮೀಟರಿನಲ್ಲಿ 3 ಕಿಲೋವಾಟ್ ಗೀಸರ್ ಒಂದೇ ಓಡ್ತಿದ್ದರೆ ನಿಮಿಷಕ್ಕೆ 160 ಸಲ. ಟಿವಿ ಆರಿಸಿ ಹಾಗೇ ಬಿಟ್ಟ 12 ವಾಟಿನ ಸೆಟ್‌ಟಾಪ್ ಬಾಕ್ಸಿಗೆ ಒಂದೂವರೆ ನಿಮಿಷಕ್ಕೊಂದು ಸಲ, ಅದೂ ತಿಂಗಳಿಗೆ ಎಂಟೊಂಬತ್ತು ಯೂನಿಟ್ ಆಗುತ್ತೆ. ಮನೆಯ ಎಲ್ಲ ಸ್ವಿಚ್, ಫ್ರಿಜ್ ಸಮೇತ ಆರಿಸಿ ಐದು ನಿಮಿಷ ನೋಡಿ. ಆಗಲೂ ಚುರುಕಾಗಿ ಮಿನುಗ್ತಿದ್ದರೆ ಮೊದಲು ಯುಪಿಎಸ್ ಆರಿಸಿ ನೋಡಿ, ಹಳೇ ಬ್ಯಾಟರಿ ಎಷ್ಟು ಕುಡಿದರೂ ತುಂಬದೆ ಹಗಲೂ ರಾತ್ರಿ ಚಾರ್ಜ್ ಆಗ್ತಿರುತ್ತೆ. ಅದಲ್ಲ ಅಂದರೆ ಎಲ್ಲೋ ಅರ್ಥಿಂಗ್ ಕಡೆ ಕರೆಂಟ್ ಸೋರ್ತಿರಬಹುದು. ಆಗ ಬಿಲ್ಲಿನ ಚಿಂತೆ ಆಮೇಲೆ, ಅವತ್ತೇ ಎಲೆಕ್ಟ್ರಿಷಿಯನ್ನನ್ನ ಕರೆಸಿ.