ಮೊದಲು ಇಳಿಯುವುದನ್ನು ಕಲಿಯಿರಿ

ಕಲಬುರಗಿ, ಬೀದರ, ಯಾದಗಿರಿ ಸೀಮೆಯ ಕೇಳುಗರೆಲ್ಲರಿಗೂ ನಮಸ್ಕಾರ. ಯಂತ್ರಗಳ ಹಂಗಿಲ್ಲದೆ, ತನ್ನ ದೇಹದ ತೂಕವನ್ನೇ ಭಾರವಾಗಿಸಿಕೊಂಡು ಮಾಡುವ ವ್ಯಾಯಾಮವನ್ನು ಇಂದಿನ ತರುಣರು ಕ್ಯಾಲಿಸ್ತೆನಿಕ್ಸ್ ಎಂದು ಕರೆಯುತ್ತಾರೆ. ಚೆಲುವು, ಬಲ ಎಂಬ ಅರ್ಥದ ಎರಡು ಗ್ರೀಕ್ ಪದಗಳು ಕೂಡಿ ಆದ ಹೆಸರು ಅದು. ಹೆಸರು ಹೊಸದಾದರೂ ಕೆಲಸ ನಮ್ಮ ತಾಲೀಮುಗಳಿಗೆ ಹೊಸದಲ್ಲ. ದಂಡ, ಬೈಠಕ್‌ಗಳನ್ನು ನಮ್ಮ ಪೈಲ್ವಾನರು ತಲೆತಲಾಂತರದಿಂದ ಮಾಡುತ್ತ ಬಂದಿದ್ದಾರೆ. ನಮ್ಮ ಬಸವಕಲ್ಯಾಣದಿಂದ ನಾಡನ್ನಾಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮಲ್ಲರ ಅಭ್ಯಾಸಕ್ಕೆಂದೇ ಒಂದು ಭಾಗವಿದ್ದು, ಕಂಬವನ್ನು ಆಧರಿಸಿ ಮಾಡುವ ವ್ಯಾಯಾಮದ ಪ್ರಸ್ತಾಪವೂ ಅದರಲ್ಲಿದೆ.

ಆದ್ದರಿಂದ ವ್ಯಾಯಾಮ ಏಕೆ ಬೇಕೆಂದು ಈ ಸೀಮೆಯವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಒಂದೇ ಮಾತು ಹೇಳಲು ಬಂದಿದ್ದೇನೆ: ಏರುವುದಕ್ಕೆ ಮೊದಲು ಇಳಿಯುವುದನ್ನು ಕಲಿಯಿರಿ. ದಂಡ ಹೊಡೆಯುವಾಗ ಎದೆ ನೆಲದ ಕಡೆಗೆ ಬರುವ ಹೊತ್ತು, ಬೈಠಕ್‌ನಲ್ಲಿ ಕೆಳಗೆ ಕೂರುವ ಹೊತ್ತು, ಅಡ್ಡ ಸರಳಿನಿಂದ ಮೈ ಕೆಳಗಿಳಿಯುವ ಹೊತ್ತು, ಇವು ಮೂರೂ ವಿಶ್ರಾಂತಿಯ ಹೊತ್ತಲ್ಲ. ಬಲ ಬೆಳೆಯುವುದು ಅಲ್ಲಿಯೇ.

ಕೆಲವು ವರ್ಷಗಳ ಹಿಂದೆ, ಶಹಾಬಾದ ಕಡೆಯ ಫರಸಿ ಕಲ್ಲಿನ ಗಣಿಯಲ್ಲಿ ದುಡಿಯುತ್ತಿದ್ದ ತರುಣನೊಬ್ಬ ನನ್ನಲ್ಲಿಗೆ ಬಂದಿದ್ದ. ಸೇನಾ ಭರ್ತಿಗೆ ಹೋಗಬೇಕೆಂಬುದು ಅವನ ಆಸೆ. ಆ ದೈಹಿಕ ಪರೀಕ್ಷೆಯಲ್ಲಿ ಸರಳು ಹಿಡಿದು ಹತ್ತು ಬಾರಿ ಮೈಯನ್ನು ಮೇಲೆಳೆದುಕೊಂಡರೆ 40 ಅಂಕ, ಆರು ಬಾರಿಯಾದರೆ 16 ಅಂಕ, ಆರಕ್ಕಿಂತ ಕಡಿಮೆಯಾದರೆ ಮನೆಗೆ ಹಿಂದಿರುಗಬೇಕು. ಇಬ್ಬರು ಹಿಡಿಯಬೇಕಾದ ಕಲ್ಲನ್ನು ಒಬ್ಬನೇ ಹೆಗಲಿಗೇರಿಸುತ್ತಿದ್ದ ಆ ಹುಡುಗನಿಗೆ ಒಂದೇ ಒಂದು ಸಲವೂ ಗದ್ದವನ್ನು ಸರಳಿನ ಮೇಲಕ್ಕೆ ತರಲಾಗುತ್ತಿರಲಿಲ್ಲ. ಕಾಲು ಝಾಡಿಸಿ, ಮೈ ಜೋತಾಡಿಸಿ, ಭುಜವನ್ನು ನೋಯಿಸಿಕೊಂಡಿದ್ದ.

ಇಳಿಯುವುದನ್ನು ಮೊದಲು ಕಲಿ ಎಂದೆ. "ಸರ್, ನಂಗ ಏರಲಿಕ್ಕೇ ಬರವಲ್ದು, ಇಳಿಯೋದೇನು ಕಲೀಲಿ?" ಎಂದ. ಭುಜದ ನೋವು ಪೂರ್ತಿ ಹೋಗುವವರೆಗೆ ಕಾದು, ಬೇವಿನ ಮರದಡಿಯ ಸರಳಿನ ಕೆಳಗೆ ಒಂದು ಸ್ಟೂಲು ಇಟ್ಟೆ. ಸ್ಟೂಲು ಹತ್ತಿ ಗದ್ದವನ್ನು ಸರಳಿನ ಮೇಲೆ ಇರಿಸಿಕೊಳ್ಳುವುದು, ಕಾಲು ಬಿಡುವುದು, ಐದು ಎಣಿಸುವವರೆಗೆ ನಿಧಾನವಾಗಿ ಇಳಿಯುವುದು. ಹೀಗೆ ಐದು ಸಲ, ದಿನ ಬಿಟ್ಟು ದಿನ. ಮೊದಲ ವಾರ ಎರಡು ಎನ್ನುವಷ್ಟರಲ್ಲಿ ಧೊಪ್ಪನೆ ಬೀಳುತ್ತಿದ್ದ. ಮೂರನೆಯ ವಾರದ ಹೊತ್ತಿಗೆ ಐದರವರೆಗೆ ನಿಂತ. ಏಳನೆಯ ವಾರದ ಒಂದು ಬೆಳಿಗ್ಗೆ ಸ್ಟೂಲನ್ನು ತಾನೇ ಬದಿಗೆ ಸರಿಸಿ, ಕಾಲು ಅಲುಗಿಸದೆ ಮೇಲೇರಿದ. ಆಗ ಅವನ ಮುಖದಲ್ಲಿ ಕಂಡ ಬೆಳಕು ನನಗೆ ಇಂದಿಗೂ ನೆನಪಿದೆ. ನಾಲ್ಕು ತಿಂಗಳಾಗುವಷ್ಟರಲ್ಲಿ ಎಂಟು ಬಾರಿ ಏರುತ್ತಿದ್ದ.

ಅಷ್ಟು ಬಲಶಾಲಿಗೆ ಮೊದಲು ಏಕೆ ಆಗಲಿಲ್ಲ ಎಂಬುದನ್ನು ಅವನೇ ಕಂಡುಕೊಂಡ. ಗಣಿಯಲ್ಲಿ ಅವನು ಕಲ್ಲನ್ನು ಕಾಲು, ಸೊಂಟಗಳ ಬಲದಿಂದ ಎತ್ತುತ್ತಿದ್ದ. ಇಳಿಸುವಾಗ ಮಾತ್ರ ಹೆಗಲಿನಿಂದ ಜಾರಿಸಿಬಿಡುತ್ತಿದ್ದ. ಭಾರವನ್ನು ತಡೆಯುತ್ತ ತಡೆಯುತ್ತ ಕೆಳಗೆ ತರುವ ಕೆಲಸ ಅವನ ಬೆನ್ನಿಗೂ ತೋಳಿಗೂ ಗೊತ್ತೇ ಇರಲಿಲ್ಲ. ನಮ್ಮ ಸ್ನಾಯು ತಾನು ಎತ್ತಬಲ್ಲುದಕ್ಕಿಂತ ಹೆಚ್ಚಿನ ಭಾರವನ್ನು ತಡೆದು ಇಳಿಸಬಲ್ಲುದು. ಏರಲಾಗದವನೂ ಇಳಿಯಬಲ್ಲನು ಎನ್ನುವುದು ಇದೇ ಕಾರಣಕ್ಕೆ.

ಈ ಕಥೆಗೇ ಹೆಚ್ಚು ಹೊತ್ತು ಹಿಡಿಯಿತು, ಉಳಿದುದನ್ನು ಬೇಗ ಹೇಳುತ್ತೇನೆ. ನಿಧಾನವಾಗಿ ಇಳಿದವರಿಗೆ ಮರುದಿನವೋ ಮೂರನೆಯ ದಿನವೋ ಮೈ ನೋಯುತ್ತದೆ. ಅದಕ್ಕಾಗಿಯೇ ದಿನ ಬಿಟ್ಟು ದಿನ ಎಂದದ್ದು. ದಂಡ ಹೊಡೆಯಲಾಗದ ತಾಯಂದಿರು ಗೋಡೆಗೋ ಕಟ್ಟೆಗೋ ಕೈಯೂರಿ ಎದೆಯನ್ನು ನಿಧಾನವಾಗಿ ಹತ್ತಿರ ತರಲಿ; ಕೈ ಎತ್ತರದಲ್ಲಿದ್ದಷ್ಟೂ ಭಾರ ಕಡಿಮೆ. ಮೊಣಕಾಲು ನೋವಿನ ಹಿರಿಯರು ಕುರ್ಚಿಯ ಮೇಲೆ ಧಪ್ಪನೆ ಕೂರುವ ಬದಲು ಮೂರು ಎಣಿಸುತ್ತ ಕೂತರೆ ಅದೇ ಅವರ ಬೈಠಕ್. ವಾರದಲ್ಲಿ ಎರಡು ದಿನವಾದರೂ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆಹಾರಕ್ಕೆ ಪುಡಿ ಡಬ್ಬಿಗಳನ್ನು ಹುಡುಕಬೇಡಿ. ನೂರು ಗ್ರಾಂ ತೊಗರಿ ಬೇಳೆಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಇದೆ, ಜೊತೆಗೆ ಜೋಳದ ರೊಟ್ಟಿ, ಶೇಂಗಾ ಹಿಂಡಿ ಇರಲಿ. ಬೇಸಿಗೆಯಲ್ಲಿ ಮಾತ್ರ ಬಿಸಿಲೇರುವ ಮುನ್ನವೇ ಮುಗಿಸಿರಿ. ನಮ್ಮ ಊರಿನಲ್ಲಿ ಕಬ್ಬಿಣದ ಸರಳು ಹೊತ್ತೇರಿದ ಮೇಲೆ ಅಂಗೈ ಸುಡುತ್ತದೆ.

ಇದನ್ನು ಕ್ರೀಡೆಯಾಗಿ ಆಡುವ ತರುಣರಿಗೂ ಅದೇ ಮಾತು. ಸರಳಿನ ಕೆಳಗೆ ಮೈಯನ್ನು ನೆಲಕ್ಕೆ ಸಮಾನಾಂತರವಾಗಿ ಚಾಚಿ ನಿಲ್ಲಿಸುವ ಫ್ರಂಟ್ ಲಿವರ್, ಕಂಬ ಹಿಡಿದು ಬಾವುಟದಂತೆ ಅಡ್ಡಲಾಗಿ ನಿಲ್ಲುವ ಹ್ಯೂಮನ್ ಫ್ಲ್ಯಾಗ್ ನೋಡಲು ಚೆಂದ, ನಿಜ. ಆದರೆ ಸ್ನಾಯು ಬಲಿತಷ್ಟು ಬೇಗ ಅದನ್ನು ಎಲುಬಿಗೆ ಬಿಗಿದಿರುವ ಸ್ನಾಯುರಜ್ಜು ಬಲಿಯುವುದಿಲ್ಲ. ವಿಡಿಯೋ ನೋಡಿದ ಎರಡನೆಯ ವಾರಕ್ಕೇ ಮೊಣಕೈ ಹಿಡಿದುಕೊಂಡು ಬರುವವರನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಆ ಭಂಗಿಗಳಿಂದ ನಿಧಾನವಾಗಿ ಇಳಿದು ಬರುವುದನ್ನು ತಿಂಗಳುಗಟ್ಟಲೆ ಮಾಡಿರಿ, ಅನಂತರ ಏರಿರಿ.

ನಿಮ್ಮ ಮನೆಯ ಮಕ್ಕಳು ಬೇವಿನ ಕೊಂಬೆಗೆ ಜೋತುಬಿದ್ದರೆ ಬೈಯಬೇಡಿ. ಕೊಂಬೆ ಗಟ್ಟಿಯಿದೆಯೇ ಎಂದು ನೋಡಿ, ಧುಮುಕಬೇಡ, ನಿಧಾನವಾಗಿ ಇಳಿ ಎಂದು ಹೇಳಿರಿ. ನಮಸ್ಕಾರ.